ಎಂಬತ್ತು ಲಕ್ಷದ ಜೀಪು, ನನ್ನ ಹದಿನೈದು ಸಾವಿರ

ಜೀಪು ಕೊಳ್ಳಲು ಹೊರಟವನು ಇತಿಹಾಸ ಓದಿಕೊಂಡು ಕೂತ ಕತೆ ಇದು. ಸ್ವಲ್ಪ ಉದ್ದ ಇದೆ. ಕಾಫಿ ಮಾಡಿಕೊಂಡು ಬಂದು ಕೂತರೆ ಒಳ್ಳೆಯದು :)

ಜೂನ್ ತಿಂಗಳ ಒಂದು ರಾತ್ರಿ, ಆಫೀಸಿನ ಕಾಲ್ ಒಂದನ್ನು ಮ್ಯೂಟಿನಲ್ಲಿಟ್ಟು, ಫೋನಿನಲ್ಲಿ ಹನ್ನೊಂದು ಫೋಟೋ ನೋಡಿ ಹದಿನೈದು ಸಾವಿರ ರೂಪಾಯಿ ಕಳಿಸಿಬಿಟ್ಟೆ. ಮಹೀಂದ್ರ ಎಂಎಂ 540 ಜೀಪು. "ಆರ್ಮಿ ಡಿಸ್ಪೋಸಲ್, ಫೋರ್ ವೀಲ್, ಪಕ್ಕಾ ಕಂಡೀಷನ್. ಬೆಳಿಗ್ಗೆ ಇನ್ನೊಂದು ಪಾರ್ಟಿ ಬರ್ತಾ ಇದೆ ಸಾರ್, ಟೋಕನ್ ಹಾಕಿಬಿಡಿ" ಅಂದಿದ್ದ ಬ್ರೋಕರ್. ಆ 'ಇನ್ನೊಂದು ಪಾರ್ಟಿ' ಅನ್ನುವ ಮಾತಿಗೆ ಎಷ್ಟು ಶಕ್ತಿ ಇದೆ ನೋಡಿ! ಶನಿವಾರ ಬಸ್ಸು ಹತ್ತಿ ಹೋಗಿ ನೋಡಿದರೆ ಆರ್ಮಿಯದ್ದು ಅಂತ ಇದ್ದದ್ದು ಹಸಿರು ಬಣ್ಣ ಮಾತ್ರ. ಅದೂ ಹೊಸದಾಗಿ ಹೊಡೆದದ್ದು. ಎಂಜಿನ್ ಮೇಲಿನ ನಂಬರಿಗೂ ಆರ್‌ಸಿಯಲ್ಲಿದ್ದ ನಂಬರಿಗೂ ಯಾವ ಸಂಬಂಧವೂ ಇರಲಿಲ್ಲ. ಬಗ್ಗಿ ನೋಡಿದರೆ, ಮುಂದಿನ ಆಕ್ಸಲ್‌ಗೆ ಹೋಗಬೇಕಿದ್ದ ಪ್ರೊಪೆಲ್ಲರ್ ಶಾಫ್ಟೇ ಇಲ್ಲ. ಒಳಗೆ ಫೋರ್ ವೀಲ್ ಲಿವರ್ ಇದೆ, ಎಳೆದರೆ ಬರುತ್ತದೆ, ಆದರೆ ಅದು ಎಲ್ಲಿಗೂ ಹೋಗುವುದಿಲ್ಲ. ದುಡ್ಡು ವಾಪಸ್ ಕೇಳಿದ್ದಕ್ಕೆ "ಟೋಕನ್ ವಾಪಸ್ ಇರಲ್ಲ ಸಾರ್" ಅಂತ ನಗುತ್ತಲೇ ಹೇಳಿ, ಟೀ ಕುಡಿಸಿ ಕಳಿಸಿದ.

ಮನೆಗೆ ಫೋನ್ ಮಾಡಿ ಹೇಳಿದೆ. ಅಪ್ಪಯ್ಯ ಬೈಯಲಿಲ್ಲ. "ಅಡಿಗೆ ಬಗ್ಗಿ ನೋಡದೆ ದುಡ್ಡು ಕೊಡೂದೆಂತಕ್ಕೆ ಮಾರಾಯ?" ಅಂದರು, ಅಷ್ಟೆ. ಬೈದಿದ್ದರೆ ವಾಸಿ ಇತ್ತು.

ಜೀಪು ಯಾಕೆ ಬೇಕಿತ್ತು ಅಂತಲೂ ಹೇಳಬೇಕು. ನಮ್ಮ ಮನೆ ಕೊಪ್ಪದಿಂದ ಒಳಗೆ. ಟಾರು ರಸ್ತೆ ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರ್ ಮಣ್ಣಿನ ಏರು. 2015ರವರೆಗೆ ಮನೆಯಲ್ಲಿ ಒಂದು ಎಂಎಂ 540 ಇತ್ತು. ಆ ವರ್ಷ ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು, ಜೀಪು ಹೋಯಿತು. "ಕೆಲಸ ಜಾಸ್ತಿ ಬರ್ತಿತ್ತು, ಡೀಸೆಲ್ ದಂಡ" ಅಂತ ಮನೆಯಲ್ಲಿ ಹೇಳಿದರು, ನಾನೂ ನಂಬಿದೆ. ನಂಬುವುದು ಅನುಕೂಲವಾಗಿತ್ತು. ಎರಡು ವರ್ಷದ ಹಿಂದೆ ಆಗಸ್ಟಿನ ಒಂದು ರಾತ್ರಿ ಅಜ್ಜಿಗೆ ಉಸಿರು ಕಟ್ಟಿದಾಗ ಆಂಬುಲೆನ್ಸ್ ಟಾರು ರಸ್ತೆಗೆ ಬಂದು ನಿಂತಿತು. ಮಳೆಯಲ್ಲಿ ಆ ಏರು ಹತ್ತಲು ಅದಕ್ಕೆ ಸಾಧ್ಯವಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿಯನ್ನು ಕೂರಿಸಿ, ಸೀರೆಯಲ್ಲಿ ಕಟ್ಟಿ, ನಾಲ್ಕು ಜನ ಹೊತ್ತುಕೊಂಡು ಇಳಿದರು. ಅಜ್ಜಿ ಉಳಿದರು. ನಾನು ಬೆಂಗಳೂರಿನಲ್ಲಿ ಫೋನ್ ಹಿಡಿದುಕೊಂಡು, ಆ ಕಡೆಯಿಂದ ಬರುತ್ತಿದ್ದ ಮಳೆಯ ಸದ್ದು ಕೇಳಿಸಿಕೊಳ್ಳುತ್ತಾ ಕೂತಿದ್ದೆ. ಜೀಪು ತಗೋಬೇಕು ಅಂತ ಆವತ್ತೇ ತೀರ್ಮಾನ ಮಾಡಿದ್ದೆ. ತೀರ್ಮಾನ ಮಾಡಿ ಎರಡು ವರ್ಷ ದುಡ್ಡು ಕೂಡಿಟ್ಟು, ಕೊನೆಗೆ ಮಾಡಿದ ಘನಂದಾರಿ ಕೆಲಸ ಮೇಲೆ ಹೇಳಿದ್ದು.

ಹದಿನೈದು ಸಾವಿರ ಹೋದ ವಾರ ನಿದ್ದೆ ಬರದೆ, ಹಳೇ ಜೀಪು ಕೊಂಡು ಮೋಸ ಹೋದವರು ಬೇರೆ ಯಾರಾದರೂ ಇದ್ದಾರಾ ಅಂತ ಹುಡುಕಿದೆ. ಇದ್ದರು! ಭಾರತ ಸರ್ಕಾರ. 1948ರಲ್ಲಿ. ಎಂಬತ್ತು ಲಕ್ಷ ರೂಪಾಯಿಗೆ.

ಅಲ್ಲಿಗೆ ಬರುವ ಮುಂಚೆ ಜೀಪು ಹುಟ್ಟಿದ್ದು ಹೇಗೆ ಅಂತ ಸ್ವಲ್ಪ ನೋಡೋಣ. 1940ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಜರ್ಮನಿ ಒಂದೊಂದೇ ದೇಶ ನುಂಗುತ್ತಿತ್ತು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಆದರೆ ಅದರ ಸೈನ್ಯಕ್ಕೆ ಗಾಬರಿ ಹತ್ತಿತ್ತು. ಕುದುರೆ ಮತ್ತು ಮೋಟರ್ ಸೈಕಲ್ಲಿನ ಬದಲಿಗೆ ನಾಲ್ಕೂ ಚಕ್ರ ಎಳೆಯುವ ಒಂದು ಸಣ್ಣ ಗಾಡಿ ಬೇಕು ಅಂತ 135 ಕಂಪನಿಗಳಿಗೆ ಪತ್ರ ಬರೆಯಿತು. ಷರತ್ತು ನೋಡಿ: ತೂಕ 590 ಕಿಲೋ ಮೀರಬಾರದು, ಮೊದಲ ಗಾಡಿ 49 ದಿನದಲ್ಲಿ ಕೈಗೆ ಬರಬೇಕು. (ನಮ್ಮ ಮ್ಯಾನೇಜರುಗಳ ಡೆಡ್‌ಲೈನು ಎಲ್ಲಿಂದ ಬಂತು ಅಂತ ಆವತ್ತು ಗೊತ್ತಾಯಿತು.) ಪೆನ್ಸಿಲ್ವೇನಿಯಾದ ಬಟ್ಲರ್ ಅನ್ನುವ ಊರಿನಲ್ಲಿ ಬಾಂಟಮ್ ಅಂತ ಒಂದು ಪುಟ್ಟ ಕಂಪನಿ, ಹೆಚ್ಚುಕಡಿಮೆ ದಿವಾಳಿ ಎದ್ದಿತ್ತು. ಕಾರ್ಲ್ ಪ್ರಾಬ್ಸ್ಟ್ ಅನ್ನುವ ಎಂಜಿನಿಯರನ್ನು ಅವರು ಕರೆತಂದರು. ಆತ ಎರಡು ದಿನದಲ್ಲಿ ನಕ್ಷೆ ಬರೆದ. 1940ರ ಸೆಪ್ಟೆಂಬರ್ 23ರಂದು, ಗಡುವು ಮುಗಿಯಲು ಅರ್ಧ ಗಂಟೆ ಇದೆ ಅನ್ನುವಾಗ, ಅವರ ಗಾಡಿ ಮೇರಿಲ್ಯಾಂಡಿನ ಹೋಲಬರ್ಡ್ ಶಿಬಿರದ ಗೇಟು ದಾಟಿತು. 590 ಕಿಲೋ ಅನ್ನುವುದು ಆಗದ ಮಾತು ಅಂತ ಆಮೇಲೆ ಸೈನ್ಯಕ್ಕೂ ಅರ್ಥವಾಯಿತು, ಆ ಮಿತಿಯನ್ನು ಸಡಿಲಿಸಿದರು.

ನನಗೆ ಹೊಟ್ಟೆ ಉರಿದದ್ದು ಮುಂದಿನ ಭಾಗಕ್ಕೆ. ಇಷ್ಟು ಸಣ್ಣ ಕಂಪನಿ ಲಕ್ಷಗಟ್ಟಲೆ ಗಾಡಿ ಮಾಡಲಾರದು ಅಂತ ಸೈನ್ಯ ಬಾಂಟಮ್‌ನವರ ನಕ್ಷೆಯನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಕೈಗೆ ಕೊಟ್ಟಿತು. ವಿಲ್ಲೀಸ್‌ನವರ ಎಂಜಿನ್ ಗಟ್ಟಿ, 60 ಅಶ್ವಶಕ್ತಿಯದು. ಅದೇ ಗೆದ್ದಿತು. ಯುದ್ಧ ಮುಗಿಯುವ ಹೊತ್ತಿಗೆ ಎರಡೂ ಕಂಪನಿ ಸೇರಿ ಸುಮಾರು 6.4 ಲಕ್ಷ ಜೀಪು ಮಾಡಿದ್ದವು. ಬಾಂಟಮ್ ಮಾಡಿದ್ದು ಎರಡೂವರೆ ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಆಮೇಲೆ ಅವರಿಗೆ ಸಿಕ್ಕ ಕೆಲಸ, ಆ ಜೀಪಿನ ಹಿಂದೆ ಕಟ್ಟುವ ಟ್ರೈಲರ್ ಮಾಡುವುದು. ಒಂದು ತಮಾಷೆಯ ವಿಷಯ: ತಮ್ಮ ಗಾಡಿ ಬೇರೆ, ವಿಲ್ಲೀಸ್ ಗಾಡಿ ಬೇರೆ ಅಂತ ಗೊತ್ತಾಗಲಿ ಅಂತ ಫೋರ್ಡ್‌ನವರು ಬೋಲ್ಟುಗಳ ತಲೆಯ ಮೇಲೆ ಇಂಗ್ಲಿಷಿನ 'ಎಫ್' ಅಕ್ಷರ ಒತ್ತುತ್ತಿದ್ದರು. ಯುದ್ಧಕಾಲದ ಜೀಪು ಹುಡುಕುವವರು ಈಗಲೂ ಬೋಲ್ಟ್ ಬೋಲ್ಟಿಗೆ ಟಾರ್ಚ್ ಹಿಡಿಯುತ್ತಾರೆ.

ಯುದ್ಧದಲ್ಲಿ ಜೀಪು ನಮ್ಮಲ್ಲಿಗೂ ಬಂತು. ಅಸ್ಸಾಮಿನ ಲೇಡೋದಿಂದ ಬರ್ಮಾ ಕಾಡಿನೊಳಗೆ ಹಾದು ಚೀನಾಕ್ಕೆ ಹೋಗುವ ರಸ್ತೆಯನ್ನು ಅಮೆರಿಕನ್ನರು ಕಡಿಸಿದಾಗ, ಆ ಕೆಸರಿನಲ್ಲಿ ಓಡಾಡಿದ್ದು ಇವೇ ಜೀಪುಗಳು. 1945ರಲ್ಲಿ ಯುದ್ಧ ಮುಗಿಯಿತು. ಲೋಕದ ತುಂಬಾ ಮಿಲಿಟರಿ ಜೀಪು ಬಿದ್ದಿದ್ದವು, ಅವುಗಳ ಸುತ್ತ ಒಂದು ದೊಡ್ಡ ಹಳೇ ಗಾಡಿ ವ್ಯಾಪಾರ ಹುಟ್ಟಿಕೊಂಡಿತು. ಒಳ್ಳೆಯ ಬಣ್ಣ ಹೊಡೆದು 'ರೀಕಂಡೀಷನ್ಡ್' ಅಂತ ಮಾರುವ ಕಲೆ ಅಲ್ಲಿಂದಲೇ ಬಂದದ್ದು ಅಂತ ನನ್ನ ಗುಮಾನಿ!

ಈಗ 1948. ಸ್ವಾತಂತ್ರ್ಯ ಬಂದು ಎರಡೂವರೆ ತಿಂಗಳಾಗುವ ಮೊದಲೇ, 1947ರ ಅಕ್ಟೋಬರಿನಲ್ಲಿ, ಕಾಶ್ಮೀರದಲ್ಲಿ ಯುದ್ಧ ಶುರುವಾಗಿತ್ತು. ಹೈದರಾಬಾದಿನ ಸಮಸ್ಯೆ ಬೇರೆ ಬೆಳೆಯುತ್ತಿತ್ತು. ನಮ್ಮ ಬೀದರ್, ಗುಲ್ಬರ್ಗ, ರಾಯಚೂರು ಎಲ್ಲ ಆಗ ನಿಜಾಮನ ಕೈಯಲ್ಲೇ ಇದ್ದವು. ಸೈನ್ಯಕ್ಕೆ ಗಾಡಿ ಬೇಕು, ಅದೂ ತಕ್ಷಣ ಬೇಕು. ದೇಶದಲ್ಲಿ ಜೀಪು ತಯಾರಾಗುತ್ತಿರಲಿಲ್ಲ. ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದವರು ವಿ.ಕೆ. ಕೃಷ್ಣ ಮೆನನ್. ಅವರು ಸರ್ಕಾರಿ ಖರೀದಿಯ ಮಾಮೂಲಿ ದಾರಿ ಬಿಟ್ಟು, ಹೊರಗಿನ ಒಂದು ಸಂಸ್ಥೆಯ ಜೊತೆ ನೇರವಾಗಿ ಒಪ್ಪಂದಕ್ಕೆ ಸಹಿ ಹಾಕಿದರು. ಬಳಸಿದ, ರಿಪೇರಿ ಮಾಡಿದ ಜೀಪುಗಳು. ಒಪ್ಪಂದ ಎಂಬತ್ತು ಲಕ್ಷ ರೂಪಾಯಿಯದ್ದು. ದುಡ್ಡಿನ ದೊಡ್ಡ ಪಾಲು ಮುಂಗಡವಾಗಿಯೇ ಹೋಯಿತು.

ಬಂದದ್ದು 155 ಜೀಪು.

ಹಡಗಿನಿಂದ ಇಳಿದ ಆ ಜೀಪುಗಳು ಸೈನ್ಯದ ಕೆಲಸಕ್ಕೆ ಬರುವಂಥವಾಗಿರಲಿಲ್ಲ. ಉಳಿದವು ಬರಲೇ ಇಲ್ಲ. ಬಂದ 155ನ್ನು ಒಪ್ಪಿಕೊಳ್ಳುವಂತೆ ಪ್ರಧಾನಿ ನೆಹರೂ ಮಾಡಿದರು. ಪಾರ್ಲಿಮೆಂಟಿನಲ್ಲಿ ಗಲಾಟೆ ಆಯಿತು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಅಂತ ಈಗಲೂ ಕರೆಯುವುದು ಇದನ್ನೇ. ಅನಂತಶಯನಂ ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಆಯಿತು. ನ್ಯಾಯಾಂಗ ತನಿಖೆ ಮಾತ್ರ ಆಗಲಿಲ್ಲ. 1955ರ ಸೆಪ್ಟೆಂಬರ್ 30ರಂದು ಗೃಹಮಂತ್ರಿ ಗೋವಿಂದ ವಲ್ಲಭ ಪಂತರು, ಸರ್ಕಾರದ ಮಟ್ಟಿಗೆ ಈ ವಿಷಯ ಮುಗಿಯಿತು, ವಿರೋಧ ಪಕ್ಷಕ್ಕೆ ಸಮಾಧಾನ ಇಲ್ಲದಿದ್ದರೆ ಚುನಾವಣೆಯಲ್ಲಿ ಎತ್ತಿಕೊಳ್ಳಲಿ ಅಂತ ಹೇಳಿ ಕಡತ ಮುಚ್ಚಿದರು. 1956ರ ಫೆಬ್ರವರಿ 3ರಂದು ಮೆನನ್ ಕೇಂದ್ರ ಸಂಪುಟ ಸೇರಿದರು, ಖಾತೆ ಇಲ್ಲದ ಮಂತ್ರಿಯಾಗಿ. ಮುಂದಿನ ವರ್ಷ ರಕ್ಷಣಾ ಮಂತ್ರಿಯೇ ಆದರು. 1962ರಲ್ಲಿ ಚೀನಾ ಯುದ್ಧದ ಸೋಲಿನ ನಂತರ ರಾಜೀನಾಮೆ ಕೊಡಬೇಕಾಗಿ ಬಂದದ್ದು ಎಲ್ಲರಿಗೂ ಗೊತ್ತು.

ಇದನ್ನು ಓದುವಾಗ ಮೊದಲು ನನಗೆ ಒಂಥರಾ ಕೆಟ್ಟ ಖುಷಿ ಆಯಿತು, ಸುಳ್ಳು ಹೇಳಲ್ಲ. ಬ್ಯಾರಿಸ್ಟರ್ ಓದಿದವರೂ ಟೋಕನ್ ಹಾಕಿ ಕಳಕೊಂಡಿದ್ದಾರಲ್ಲ ಅಂತ. ಆಮೇಲೆ ಯೋಚನೆ ಬಂತು. ಮೆನನ್ ಸ್ವಂತಕ್ಕೆ ದುಡ್ಡು ಹೊಡೆದರು ಅಂತ ಯಾರೂ ಸಾಬೀತು ಮಾಡಿಲ್ಲ. ಆತುರ ನಿಜವಾದದ್ದೇ, ಯುದ್ಧ ನಡೆಯುತ್ತಿತ್ತು. ನನ್ನ ಆತುರವೂ ನಿಜವಾದದ್ದೇ, ಮಳೆಗಾಲ ಬರುತ್ತಿತ್ತು. ಆದರೆ ಹಳೇ ಗಾಡಿ ಮಾರುವವನು ಬದುಕುವುದೇ ನಮ್ಮ ಆತುರದ ಮೇಲೆ. ಕಾಶ್ಮೀರದ ಚಳಿಯಲ್ಲಿ ಕಾಯುತ್ತಿದ್ದ ಸಿಪಾಯಿಗೆ, ಮೆನನ್ ಪ್ರಾಮಾಣಿಕರೋ ಅಲ್ಲವೋ ಅನ್ನುವುದರಿಂದ ಏನಾಗಬೇಕಿತ್ತು? ಅವನಿಗೆ ಬೇಕಿದ್ದದ್ದು ಓಡುವ ಜೀಪು. ಕಡತ ಮುಚ್ಚಿದವರನ್ನು ಮಾತ್ರ ನಾನು ಕ್ಷಮಿಸಲಾರೆ. ಹೋದ ದುಡ್ಡಿಗಿಂತ, ಯಾಕೆ ಹೋಯಿತು ಅಂತ ಕೊನೆಯವರೆಗೂ ನೋಡದೇ ಬಿಟ್ಟದ್ದು ದೊಡ್ಡ ನಷ್ಟ ಅನ್ನಿಸುತ್ತದೆ ನನಗೆ.

ಯಾಕೆ ಹಾಗನ್ನಿಸಿತು ಅಂದರೆ, ಅದೇ 1948ರಲ್ಲಿ ನಮ್ಮ ಬೆಂಗಳೂರಿನಲ್ಲಿ ಇನ್ನೊಂದು ಹಳೇ ಸಾಮಾನಿನ ಕತೆ ನಡೆಯುತ್ತಿತ್ತು. ದಿನಾ ಆಫೀಸಿಗೆ ಹೋಗುವಾಗ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಎಚ್‌ಎಎಲ್ ಗೋಡೆಯ ಪಕ್ಕ ಟ್ರಾಫಿಕ್ಕಿನಲ್ಲಿ ನಿಲ್ಲುತ್ತೇನೆ. ಆ ಗೋಡೆಯ ಆಚೆ ಹೀಗೊಂದು ನಡೆದಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಯುದ್ಧಕಾಲದಲ್ಲಿ ಅಮೆರಿಕ ತನ್ನ ಮಿತ್ರರಿಗೆ 'ಲೆಂಡ್ ಲೀಸ್' ಲೆಕ್ಕದಲ್ಲಿ ವಿಮಾನ, ಗಾಡಿ ಎಲ್ಲ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ವಾಪಸ್ ಕೊಡಬೇಕು, ಇಲ್ಲವೇ ಕೆಲಸಕ್ಕೆ ಬಾರದಂತೆ ಮಾಡಬೇಕು. ಬ್ರಿಟಿಷ್ ವಾಯುಪಡೆ ತನ್ನ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಒಟ್ಟುಹಾಕಿ, ಮತ್ತೆ ಹಾರದಂತೆ ಹಾಳುಮಾಡಿ ಹೋಗಿತ್ತು. ನಾಲ್ಕು ಎಂಜಿನ್ನಿನ ದೈತ್ಯ ವಿಮಾನಗಳು. ನಮ್ಮ ವಾಯುಪಡೆಗೆ ಆಗ ಭಾರೀ ಬಾಂಬರ್ ಒಂದೂ ಇರಲಿಲ್ಲ, ಕೊಳ್ಳಲು ದುಡ್ಡೂ ಇರಲಿಲ್ಲ. ಈ ಗುಜರಿಯಿಂದ ಏನಾದರೂ ಆದೀತಾ ಅಂತ ಎಚ್‌ಎಎಲ್‌ನವರನ್ನು ಕೇಳಿದರು.

ಎಚ್‌ಎಎಲ್ ಅಂದರೆ 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆ. 1943ರಿಂದ ಯುದ್ಧ ಮುಗಿಯುವವರೆಗೆ ಅದು ಅಮೆರಿಕದ ವಾಯುಪಡೆಯ ರಿಪೇರಿ ಡಿಪೋ ಆಗಿತ್ತು. ನಮ್ಮ ಕೆಲಸಗಾರರು ಆ ವಿಮಾನಗಳ ಹೊಟ್ಟೆಯೊಳಗೆ ಕೈ ಹಾಕಿ ಪಳಗಿದ್ದರು. ಹಾಗಾಗಿ ಅವರು ಕಾಗದ ನೋಡಿ ಉತ್ತರ ಹೇಳಲಿಲ್ಲ. ಕಾನ್ಪುರಕ್ಕೆ ಹೋದರು. ಒಂದೊಂದೇ ವಿಮಾನ ನೋಡಿ, ಒಂದರ ಬಿಡಿಭಾಗ ಇನ್ನೊಂದಕ್ಕೆ ಹಾಕಿ, ಬೆಂಗಳೂರಿನವರೆಗೆ ಹಾರಿದರೆ ಸಾಕು ಅನ್ನುವಷ್ಟು ಸರಿ ಮಾಡಿದರು. ಎಚ್‌ಎಎಲ್‌ನ ಪೈಲಟ್ ಜಮ್ಶೆಡ್ ಮುನ್ಶಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ಬಿಚ್ಚಿ ರಿಪೇರಿ ಆಯಿತು. ಸುಮಾರು ನಲವತ್ತು ವಿಮಾನ! 1948ರ ನವೆಂಬರಿನಲ್ಲಿ ವಾಯುಪಡೆಯ ಐದನೇ ಸ್ಕ್ವಾಡ್ರನ್ ಈ ಲಿಬರೇಟರ್‌ಗಳಿಂದಲೇ ಶುರುವಾಯಿತು. ಕೊನೆಯವು 1968ರವರೆಗೂ ಸೇವೆಯಲ್ಲಿದ್ದವು. ಅವುಗಳಲ್ಲೊಂದನ್ನು 1974ರಲ್ಲಿ ಬ್ರಿಟನ್ನಿನ ವಾಯುಪಡೆ ಮ್ಯೂಸಿಯಮ್ಮಿಗೆ ಭಾರತವೇ ಕೊಟ್ಟಿತು. ಮುರಿದು ಬಿಸಾಡಿ ಹೋದವರೇ ಅದನ್ನು ತಗೊಂಡು ಹೋಗಿ ಜೋಪಾನವಾಗಿ ಇಡಬೇಕಾಯಿತು ನೋಡಿ.

ಒಂದೇ ವರ್ಷ, ಒಂದೇ ಸರ್ಕಾರ, ಎರಡೂ ಯುದ್ಧದ ಹಳೇ ಸಾಮಾನು. ಲಂಡನ್ನಿನ ಜೀಪುಗಳನ್ನು ಕೊಳ್ಳುವಾಗ ಕಾಗದ ಮುಂದೆ ಹೋಯಿತು. ಕಾನ್ಪುರಕ್ಕೆ ಪಾನಾ ಹಿಡಿದವನು ಮುಂದೆ ಹೋದ. ಇದನ್ನು ಓದಿದ ರಾತ್ರಿ ನನಗೆ ಅಪ್ಪಯ್ಯನ ಮಾತು ಮತ್ತೆ ನೆನಪಾಯಿತು. ಬೆಳಿಗ್ಗೆ ಫೋನ್ ಮಾಡಿ, "ಅಪ್ಪಯ್ಯ, ಮುಂದಿನ ಸಲ ನೀವೇ ಬನ್ನಿ ನೋಡೋಕೆ" ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. "ನಂಗೀಗ ಮಂಡಿ ನೋವು. ನೋಡುವ" ಅಂದರು.

ಅವರು ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಅಷ್ಟರಲ್ಲಿ ನಮ್ಮ ಜೀಪು ಎಲ್ಲಿಂದ ಬಂತು ಅಂತ ನಾನು ಓದಿಕೊಂಡೆ. ಕೆ.ಸಿ. ಮಹೀಂದ್ರ, ಜೆ.ಸಿ. ಮಹೀಂದ್ರ ಸೋದರರು ಮಲಿಕ್ ಗುಲಾಮ್ ಮುಹಮ್ಮದ್ ಜೊತೆ ಸೇರಿ 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆ ಕಟ್ಟಿದ ಕಂಪನಿ ಅದು, ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ದೇಶ ಒಡೆದಾಗ ಮುಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಆಮೇಲೆ ಗವರ್ನರ್ ಜನರಲ್ ಕೂಡ. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ನೋಡಿ, ಮತ್ತೆ 1948! ಅಮೆರಿಕದಿಂದ ಬಿಡಿಭಾಗಗಳಾಗಿ ಬಂದ 75 ವಿಲ್ಲೀಸ್ ಜೀಪುಗಳ ಜೋಡಣೆಯಿಂದ ಅವರ ಗಾಡಿ ಕೆಲಸ ಶುರು. ಅಂದರೆ ಲಂಡನ್ನಿನಲ್ಲಿ ಹಳೇ ಜೀಪಿಗೆ ಸಹಿ ಬೀಳುತ್ತಿದ್ದ ಕಾಲಕ್ಕೇ ಬೊಂಬಾಯಿಯಲ್ಲಿ ಹೊಸ ಜೀಪಿಗೆ ತಯಾರಿ ನಡೆದಿತ್ತು.

ನಮ್ಮ ಕಡೆಯ ಜೀಪಿನ ಮುಖ ಗಮನಿಸಿದ್ದೀರಾ? ಯುದ್ಧದ ಸಿನಿಮಾದಲ್ಲಿ ಬರುವ ಜೀಪಿನ ಬಾನೆಟ್ ತಗ್ಗು. ನಮ್ಮದರ ಬಾನೆಟ್ ಎತ್ತರ, ಹುಬ್ಬೇರಿಸಿದ ಹಾಗೆ. ಯಾಕೆ ಅಂದರೆ, 1953ರಲ್ಲಿ ವಿಲ್ಲೀಸ್‌ನವರು ಸಿಜೆ-3ಬಿ ಅನ್ನುವ ಮಾದರಿ ತಂದರು. ಅದರಲ್ಲಿ 'ಹರಿಕೇನ್' ಅಂತ ಹೊಸ ಪೆಟ್ರೋಲ್ ಎಂಜಿನ್. ಗಾಳಿ ಒಳಗೆ ಬಿಡುವ ವಾಲ್ವುಗಳನ್ನು ಎಂಜಿನ್ನಿನ ತಲೆಯ ಮೇಲೆ ಕೂರಿಸಿದ್ದರಿಂದ ಎಂಜಿನ್ ಎತ್ತರವಾಯಿತು, ಹಳೇ ಬಾನೆಟ್ ಮುಚ್ಚಲಿಲ್ಲ. ಸರಿ, ಬಾನೆಟ್ಟನ್ನೇ ಎತ್ತಿದರು. ಅಮೆರಿಕದಲ್ಲಿ ಆ ಮಾದರಿ 1968ಕ್ಕೆ ನಿಂತಿತು. ನಮ್ಮಲ್ಲಿ ಮಹೀಂದ್ರದವರು ಅದೇ ಮುಖವನ್ನು ದಶಕಗಟ್ಟಲೆ ಇಟ್ಟುಕೊಂಡರು. ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಬಂತು. ಕೆಲವಕ್ಕೆ ಟ್ರ್ಯಾಕ್ಟರ್ ಮೂಲದ ಎಂಜಿನ್, ಎಂಎಂ 540ಕ್ಕೆ ಫ್ರಾನ್ಸಿನ ಪ್ಯೂಜೊ ಕಂಪನಿಯ 2112 ಸಿಸಿ ಎಂಜಿನ್. ಯಾವ ಎಂಜಿನ್ನಿಗೋಸ್ಕರ ಬಾನೆಟ್ ಎತ್ತಿದ್ದರೋ ಅದು ಇಲ್ಲ, ಬಾನೆಟ್ ಮಾತ್ರ ಎತ್ತರವಾಗೇ ಉಳಿಯಿತು. ಹತ್ತು ವರ್ಷದ ಹಿಂದಿನ ಕೋಡಿನಲ್ಲಿ 'ಇದನ್ನು ಅಳಿಸಬೇಡಿ, ಯಾಕೆ ಇದೆ ಅಂತ ಗೊತ್ತಿಲ್ಲ' ಅಂತ ಕಾಮೆಂಟ್ ಬರೆದಿರುತ್ತಾರಲ್ಲ, ಹಾಗೆ. 2018ರಲ್ಲಿ ಮಹೀಂದ್ರದವರು ರಾಕ್ಸರ್ ಅಂತ ಇದೇ ಥರದ ಗಾಡಿಯನ್ನು ಅಮೆರಿಕದಲ್ಲಿ ಮಾರಲು ಹೋದಾಗ, ಆಗ ಜೀಪಿನ ಹಕ್ಕು ಹೊಂದಿದ್ದ ಫಿಯೆಟ್ ಕ್ರೈಸ್ಲರ್ ಕಂಪನಿ 'ಇದು ನಮ್ಮ ಮುಖ' ಅಂತ ದೂರು ಕೊಟ್ಟಿತು. ಕೊನೆಗೆ ರಾಕ್ಸರಿನ ಮೂತಿ ಬದಲಾಯಿಸಬೇಕಾಯಿತು.

ಇಷ್ಟೆಲ್ಲ ಓದಿದ್ದು ಉಪಯೋಗಕ್ಕೂ ಬಂತು. ಒಂದು ಜೀಪಿನಲ್ಲಿ ಯಾವ ಎಂಜಿನ್ ಇರಬೇಕಿತ್ತು, ಈಗ ಯಾವುದು ಇದೆ ಅಂತ ಕೇಳುವುದನ್ನು ಕಲಿತೆ. ಹೊರಗಿನಿಂದ ಜೀಪಿನ ಹಾಗೇ ಕಾಣುವ, ಆದರೆ ಹಿಂದಿನ ಎರಡೇ ಚಕ್ರ ಎಳೆಯುವ ಗಾಡಿಗಳನ್ನೂ ಮಹೀಂದ್ರದವರು ಬೇಕಾದಷ್ಟು ಮಾಡಿದ್ದಾರೆ. ಬಾಡಿಗೆ ಓಡಿಸುವವರಿಗೆ ಅಷ್ಟೇ ಸಾಕಿತ್ತು. ಅದಕ್ಕೆ ದೊಡ್ಡ ಟೈರ್ ಹಾಕಿ ಹಸಿರು ಬಣ್ಣ ಬಳಿದರೆ ನನ್ನಂಥವನಿಗೆ 'ಆರ್ಮಿ ಡಿಸ್ಪೋಸಲ್' ಆಗುತ್ತದೆ. ಎಂಜಿನ್ ಬದಲಾಯಿಸುವುದು ತಪ್ಪಲ್ಲ, ಆದರೆ ಆರ್‌ಟಿಓದಲ್ಲಿ ಅದು ದಾಖಲಾಗಿರಬೇಕು. ಆರ್‌ಸಿ ಕಾರ್ಡೊಂದನ್ನೇ ನಂಬದೆ ಆರ್‌ಟಿಓದಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ ನೋಡಿದರೆ ಗಾಡಿಯ ಜಾತಕ ಸಿಗುತ್ತದೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಆಗಬೇಕು. ಅದರ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5000 ಆಯಿತು. 2025ರಲ್ಲಿ, ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಮಾಡಿದರು. ಜೀಪಿನ ರೇಟಿನ ಜೊತೆ ಇದನ್ನೂ ಕೂಡಿಸಿಕೊಳ್ಳಬೇಕು.

ಎರಡನೇ ಜೀಪು ಸಿಕ್ಕಿದ್ದು ಕಳಸದ ಹತ್ತಿರ, ಒಂದು ಕಾಫಿ ತೋಟದಲ್ಲಿ. 1996ರ ಎಂಎಂ 540, ಕೆಎ-18 ನಂಬರು. ಸೋದರಮಾವನಿಗೆ ಗೊತ್ತಿದ್ದವರು. ಭಾನುವಾರ ಬೆಳಿಗ್ಗೆ ನಾನು, ಮಾವ ಹೊರಡುವಾಗ ನೋಡಿದರೆ ಅಪ್ಪಯ್ಯ ಹಳೇ ಪ್ಯಾಂಟು ಹಾಕಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಕೈಯಲ್ಲೊಂದು ಗೋಣಿಚೀಲ, ಅದರೊಳಗೆ ಸಣ್ಣ ಸುತ್ತಿಗೆ.

ತೋಟದ ಯಜಮಾನರು ಕಾಫಿ ಕೊಟ್ಟರು. ಅಪ್ಪಯ್ಯ "ಆಮೇಲೆ ಕುಡೀತೆ" ಅಂತ ಹೇಳಿ, ಜೀಪಿನ ಕೆಳಗೆ ಗೋಣಿ ಹಾಸಿ ಒಳಗೆ ಹೋಗಿಬಿಟ್ಟರು, ಮಂಡಿ ನೋವಿನವರು! ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ಹಿಂದಿನ ಅಡ್ಡಪಟ್ಟಿಯ ಹತ್ತಿರ ಒಂದು ಕಡೆ ಡಬ್ ಅಂತು. ನಾನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ತಂದಿದ್ದೆ. ಬಾಡಿಯ ಮೇಲೆ ಇಡುತ್ತಾ ಹೋದರೆ, ಪುಟ್ಟಿ ಮೆತ್ತಿ ಬಣ್ಣ ಹೊಡೆದ ಕಡೆ ಅದು ಜಾರಿ ಬೀಳುತ್ತದೆ. ಎರಡು ಕಡೆ ಬಿತ್ತು. ನನ್ನ ಇಂಜಿನಿಯರಿಂಗ್ ಡಿಗ್ರಿಯ ಕೊಡುಗೆ ಅಷ್ಟೇ. ಎಂಜಿನ್ ಚಾಲೂ ಮಾಡಿಸಿ, ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದರು. ಹೊಗೆ ಬುಸುಬುಸು ಅಂತ ಬಂದರೆ ಬ್ಯಾಕ್ ಕಂಪ್ರೆಶನ್, ಎಂಜಿನ್ ಬೋರಿಗೆ ಬಂದಿದೆ ಅಂತ ಲೆಕ್ಕ. ಸ್ವಲ್ಪ ಇತ್ತು. "ಇಷ್ಟು ವಯಸ್ಸಿಗೆ ಇರ್ತದೆ" ಅಂದರು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದು, ಬಿ ಎಕ್ಸ್‌ಟ್ರಾಕ್ಟ್ ಪಕ್ಕ ಇಟ್ಟು ಒಂದೊಂದೇ ಅಂಕೆ ಓದಿದೆವು. ಸರಿ ಇತ್ತು. ಎಂಜಿನ್ ನಂಬರೂ ಸರಿ ಇತ್ತು.

ಆಮೇಲೆ ಅಪ್ಪಯ್ಯ ಸೀಟಿಗೆ ಹತ್ತಿದರು. ತೋಟದ ಹಿಂದಿನ ಏರಿನಲ್ಲಿ, ನಿನ್ನೆಯ ಮಳೆಗೆ ನೆಂದ ಮಣ್ಣಿನಲ್ಲಿ, ಮೊದಲು ಬರೀ ಹಿಂದಿನ ಚಕ್ರದಲ್ಲಿ ಹೋದರು. ಅರ್ಧದಲ್ಲಿ ಚಕ್ರ ಸುತ್ತಿ ಕೆಸರು ಹಾರಿತು. ನಿಲ್ಲಿಸಿ, ಲಿವರ್ ಎಳೆದು ಫೋರ್ ವೀಲ್ ಲೋಗೆ ಹಾಕಿದರು. ಕಾಲು ಆಕ್ಸಿಲರೇಟರ್ ಮೇಲೆ ಹೆಚ್ಚು ಒತ್ತಲೇ ಇಲ್ಲ. ಜೀಪು ಎಮ್ಮೆ ಹತ್ತಿದ ಹಾಗೆ ಹತ್ತಿ ಹೋಯಿತು. ನಾನೂ ಮಾವನೂ ಕೆಳಗೆ ನಿಂತು ನೋಡುತ್ತಿದ್ದೆವು. ಮಾವ ಮೆಲ್ಲಗೆ, "ಆ ಜೀಪು ಕೊಟ್ಟ ದಿನ ನಿಮ್ಮಪ್ಪಯ್ಯ ಕೊಪ್ಪದಿಂದ ಮನೆಗೆ ನಡಕೊಂಡೇ ಬಂದಿದ್ದ, ಗೊತ್ತುಂಟಾ ನಿಂಗೆ?" ಅಂದರು. ಗೊತ್ತಿರಲಿಲ್ಲ.

ಮೂರು ಲಕ್ಷದ ಹತ್ತು ಸಾವಿರ ಹೇಳಿದ್ದರು. ಅಡ್ಡಪಟ್ಟಿಯ ತುಕ್ಕು, ಪುಟ್ಟಿ, ನವೀಕರಣದ ಖರ್ಚು ಎಲ್ಲ ಹೇಳಿ ಅಪ್ಪಯ್ಯ ಎರಡು ಎಪ್ಪತ್ತೈದಕ್ಕೆ ಇಳಿಸಿದರು. ಫಾರಂ 29, 30ಕ್ಕೆ ಸಹಿ ಬಿದ್ದ ಮೇಲೇ ದುಡ್ಡು ಕಳಿಸಲು ಬಿಟ್ಟದ್ದು. ತಣ್ಣಗಾದ ಕಾಫಿಯನ್ನು ಆಮೇಲೆ ಕುಡಿದರು.

ಅಲ್ಲಿಂದ ಮನೆವರೆಗೆ ಅವರೇ ಓಡಿಸಿದರು. ನನಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಕತ್ತಲಾಗುವ ಹೊತ್ತಿಗೆ ಮನೆ ಏರು ಹತ್ತಿದೆವು. ಅಜ್ಜಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಜೀಪು ತರುವ ವಿಷಯ ಅವರಿಗೆ ಹೇಳಿರಲೂ ಇಲ್ಲ. ಕೆಳಗಿನ ತಿರುವಿನಲ್ಲಿ ಪ್ಯೂಜೊ ಎಂಜಿನ್ನಿನ ಸದ್ದು ಕೇಳಿದ್ದೇ, "ಅಂವ ಬಂದ, ಕಾಫಿಗೆ ನೀರಿಡು" ಅಂತ ಅಮ್ಮನಿಗೆ ಹೇಳಿದರಂತೆ. ಮೊದಲೆಲ್ಲ ಅಪ್ಪಯ್ಯ ಪೇಟೆಯಿಂದ ಬರುವಾಗ ಹೇಳುತ್ತಿದ್ದ ಹಾಗೆಯೇ.

ಆರ್‌ಸಿ ಇನ್ನೂ ನನ್ನ ಹೆಸರಿಗೆ ಬಂದಿಲ್ಲ. ಗೇರ್‌ಬಾಕ್ಸಿನಿಂದ ಎಣ್ಣೆ ತೊಟ್ಟಿಕ್ಕುತ್ತಿದೆ, ಕೊಟ್ಟಿಗೆಯಲ್ಲಿ ಜೀಪಿನ ಕೆಳಗೆ ಒಂದು ಡಾಲ್ಡಾ ಡಬ್ಬ ಇಟ್ಟಿದ್ದಾರೆ. ನಿನ್ನೆ ಫೋನ್ ಮಾಡಿದಾಗ ಅಜ್ಜಿ ಹೇಗಿದ್ದಾರೆ ಅಂತ ಕೇಳಿದೆ. ಅಪ್ಪಯ್ಯ ಅದಕ್ಕೆ ಒಂದು ಮಾತಿನಲ್ಲಿ ಉತ್ತರ ಹೇಳಿ, ಆಯಿಲ್ ಸೀಲಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು.